ನಡುವಿಗೆ ಮುಟ್ಟದ ಕೂಗು

2012ರ ಆಗಸ್ಟ್ ಮೊದಲ ವಾರ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನನ್ನ ಅಕ್ಕನಿಗೆ ಹೃದಯದ ಎಕೋ ಪರೀಕ್ಷೆ ಮಾಡಿದರು. ಎರಡನೇ ಹೆರಿಗೆಯಾಗಿ ಆಗ ಒಂದು ತಿಂಗಳಾಗಿತ್ತು. ಹೃದಯ ಹಿಗ್ಗಿದೆ, ಒಂದೊಂದು ಬಡಿತಕ್ಕೆ ಹೊರಗೆ ಹೋಗಬೇಕಾದ ರಕ್ತದಲ್ಲಿ ಅರ್ಧದಷ್ಟೂ ಹೋಗುತ್ತಿಲ್ಲ ಎಂದು ವೈದ್ಯರು ಹೇಳಿದರು.

ಅಕ್ಕ ಶಹಾಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ಗಂಡನ ಮನೆ ಸಗರ. ಬಾಣಂತನಕ್ಕೆ ಸುರಪುರದ ನಮ್ಮ ಮನೆಗೆ ಬಂದಿದ್ದಳು. ಹೆರಿಗೆಯಾದ ಎರಡನೇ ವಾರದಿಂದ ಅವಳಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ದಿಂಬಿನ ಮೇಲೆ ದಿಂಬು ಇಟ್ಟು ಒರಗಿ ಕೂರುತ್ತಿದ್ದಳು. ಪಾದ ಬಾತಿದ್ದವು. ಬಾಣಂತಿಗೆ ಬಾವು ಬರುವುದು, ಉಬ್ಬುಸ ಬರುವುದು ನಮ್ಮ ಓಣಿಗೆ ಹೊಸದಲ್ಲ. ಗಾಳಿ ಹೊಕ್ಕಿದೆ ಎನ್ನುತ್ತಾರೆ, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಬಿಗಿಯುತ್ತಾರೆ. ಅಕ್ಕ ಬಟ್ಟೆ ಕಟ್ಟಿಸಿಕೊಂಡಳು. ಆಮೇಲೆ ತನ್ನ ಪಾದದ ಮೇಲೆ ತಾನೇ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟಳು. ಬಿದ್ದ ಕುಳಿ ಬೇಗ ಮೇಲೇಳಲಿಲ್ಲ. ಅದನ್ನು ನೋಡಿ ಭಾವನಿಗೆ ಫೋನ್ ಹಚ್ಚಿದಳು.

"ಗಾಡಿ ತೊಗೊಂಡು ಬರ್ರಿ, ಕಲಬುರಗಿಗೆ ಹೋಗೂಣು. ಇದು ಗಾಳಿ ಅಲ್ಲ."

ನಾನು ಯಾದಗಿರಿಯಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ. ನೇರವಾಗಿ ಆಸ್ಪತ್ರೆಗೆ ಹೋದೆ. ವೈದ್ಯರ ಕೋಣೆಯಲ್ಲಿ ಅಕ್ಕ, ಭಾವ, ನಾನು. ಬಾಗಿಲ ಹತ್ತಿರ ಕೂಸನ್ನು ಹೆಗಲಿಗೆ ಹಾಕಿಕೊಂಡು ಅವ್ವ. ವೈದ್ಯರು ಮಾತನ್ನು ಸುತ್ತಿಬಳಸಲಿಲ್ಲ.

"ಹಾರ್ಟಿನ ಸ್ನಾಯು ವೀಕ್ ಆಗ್ಯಾದ್ರಿ. ಹೆರಿಗಿ ಟೈಮಿನಾಗ ಕೆಲವರಿಗೆ ಹಿಂಗ ಆಗ್ತದ. ಯಾಕ ಅನ್ನೋದು ಪೂರಾ ಗೊತ್ತಿಲ್ಲ. ಕೆಲವರಿಗೆ ಆರು ತಿಂಗಳ, ವರ್ಷದಾಗ ವಾಪಸ್ ಬರ್ತದ. ಕೆಲವರಿಗೆ ಅರ್ಧ ಬರ್ತದ. ಕೆಲವರಿಗೆ ಬರಂಗಿಲ್ಲ."

"ಬರದಿದ್ರ?" ಎಂದಳು ಅಕ್ಕ.

"ಬರದಿದ್ರ ಇದರಾಗೇ ನಡಿಸಿಕೊಂಡು ಹೋಗಬೇಕು. ಗುಳಗಿ ತಪ್ಪಿಸಬಾರದು, ಉಪ್ಪು ಕಡಿಮಿ, ನೀರು ಹದದಾಗ. ಮತ್ತೊಂದು ಹೆರಿಗಿ ಮಾತು ಬ್ಯಾಡೇ ಬ್ಯಾಡ."

ಭಾವ ನೆಲ ನೋಡುತ್ತ ಕುಳಿತಿದ್ದರು. ಅಕ್ಕ ಸ್ವಲ್ಪ ಹೊತ್ತು ಉಸಿರು ಸರಿಮಾಡಿಕೊಂಡು ಇನ್ನೊಂದು ಪ್ರಶ್ನೆ ಕೇಳಿದಳು. ಅದು ರೋಗಿಯ ಪ್ರಶ್ನೆಯಾಗಿರಲಿಲ್ಲ.

"ಸರ್, ಇಂಥ ಹಾರ್ಟಿನ ಕೋಶದಾಗ ಟಿ-ಟ್ಯೂಬ್ಯೂಲ್ ಹಾಳಾಗಿರ್ತಾವ ಅಂತ ಓದೀನಿ. ನಂದೂ ಹಂಗೇ ಆಗಿರ್ತದೇನ್ರಿ?"

ವೈದ್ಯರು ಪೆನ್ನು ಕೆಳಗಿಟ್ಟರು. "ನೀವು ಏನ್ ಕೆಲಸ ಮಾಡ್ತೀರವ್ವ?"

"ಪಿಯುಸಿ ಹುಡುಗೇರಿಗೆ ಬಯಾಲಜಿ ಹೇಳ್ತೀನ್ರಿ."

"ಹಂಗ ಹೇಳ್ರಿ ಮತ್ತ!" ಎಂದು ಅವರು ಕುರ್ಚಿ ಮುಂದೆ ಎಳೆದುಕೊಂಡರು. ಹೊರಗೆ ಜನ ಕಾಯುತ್ತಿದ್ದರೂ ಅಕ್ಕನಿಗಾಗಿ ಒಂದು ಹಾಳೆಯ ಮೇಲೆ ಚಿತ್ರ ಬರೆದರು. "ಕ್ಯಾಲ್ಶಿಯಂ ಇರ್ತದ. ಆದ್ರ ಕೋಶದ ತುಂಬ ಒಮ್ಮಿಗೇ ಬಿಡುಗಡಿ ಆಗಂಗಿಲ್ಲ. ತುಕಡಿ ತುಕಡಿ ಆಗಿ, ಹಿಂದ ಮುಂದ ಆಗಿ ಬರ್ತದ. ಅದಕ್ಕ ಹಿಂಡೋ ತಾಕತ್ತು ಕಡಿಮಿ. ಆದ್ರ ನೋಡ್ರಿ, ನಿಮ್ಮ ಹಾರ್ಟಿನ ಚೂರು ತೆಗೆದು ನಾವೇನು ಸೂಕ್ಷ್ಮದರ್ಶಕದಾಗ ನೋಡಿಲ್ಲ. ನಿಮ್ಮದೂ ಹಿಂಗೇ ಅಂತ ನಾ ಹೇಳಿದ್ರ ಸುಳ್ಳಾಗ್ತದ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಆ ವೈದ್ಯರ ಮೇಲೆ ಅಕ್ಕನಿಗೆ ಅಲ್ಲಿಂದ ನಂಬಿಕೆ ಬಂತು. ಇವತ್ತಿಗೂ ಅವರ ಹತ್ತಿರವೇ ಹೋಗುತ್ತಾಳೆ.

ಬಾಗಿಲಲ್ಲಿದ್ದ ಅವ್ವನಿಗೆ ಈ ಮಾತಿನಲ್ಲಿ ತನಗೆ ಗೊತ್ತಿರುವ ಒಂದೇ ಒಂದು ವಸ್ತು ಸಿಕ್ಕಿತ್ತು. ಕ್ಯಾಲ್ಶಿಯಂ. ಬಸುರಿಯರಿಗೆ ಆಶಾ ಕಾರ್ಯಕರ್ತೆ ತಂದುಕೊಡುತ್ತಿದ್ದ ದೊಡ್ಡ ಬಿಳಿ ಗುಳಿಗೆ ಅದು. ಅದು ಕಡಿಮೆಯಾದರೆ ಸೊಂಟ ನೋಯುತ್ತದೆ, ಹಲ್ಲು ಅಲುಗುತ್ತವೆ. ಮಗಳಿಗೆ ಅದೇ ಕಡಿಮೆಯಾಗಿದೆ, ಈ ಸಲ ಎದೆಗೆ ಬಂದಿದೆ ಎಂದು ಅವ್ವ ತಿಳಿದಳು. ಅದನ್ನು ಯಾರಿಗೂ ಹೇಳಲಿಲ್ಲ.

ನಮ್ಮ ಅವ್ವ ಭತ್ತದ ನಾಟಿಗೆ ಸಸಿ ಹಚ್ಚುವ ಹೆಂಗಸರ ಗ್ಯಾಂಗಿನ ಮುಂದಾಳು. ಕಾಲುವೆ ಬರುವ ಮುಂಚೆ ನಮ್ಮ ಕಡೆ ಜೋಳ, ತೊಗರಿ, ಶೇಂಗಾ. ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಜೊತೆಗೆ ಆಂಧ್ರದ ಕಡೆಯಿಂದ ರೈತರು ಬಂದು ಕ್ಯಾಂಪ್ ಎಂಬ ಹೊಸ ಊರು ಕಟ್ಟಿಕೊಂಡರು, ಅವರ ಗದ್ದೆಗಳಿಗೆ ಸಸಿ ಹಚ್ಚುವ ಕೈ ಬೇಕಾದವು. ನಮ್ಮ ಓಣಿಯ ಹೆಂಗಸರು ಆ ಕೆಲಸವನ್ನು ಕೆಸರಲ್ಲಿ ನಿಂತೇ ಕಲಿತರು. ಅಕ್ಕನ ಕಾಲೇಜು, ಬಿ.ಎಡ್., ನನ್ನ ಪದವಿ ಎಲ್ಲವೂ ಆ ಕೂಲಿಯಲ್ಲಿ ಆದದ್ದು. ಮನೆಯಲ್ಲಿ ಬುದ್ಧನ ಪಟದ ಕೆಳಗೆ ಅಕ್ಕನ ಪದವಿ ಪ್ರದಾನದ ಫೋಟೊ ಇದೆ. ಬಂದವರಿಗೆಲ್ಲ ಅವ್ವ ಮೊದಲು ತೋರಿಸುವುದು ಆ ಫೋಟೊವನ್ನು.

ಆ ವರ್ಷ ಕಾಲುವೆಗೆ ನೀರು ಬಿಟ್ಟಿದ್ದರು, ಸಸಿ ಹಚ್ಚುವ ಹಂಗಾಮು. ಅವ್ವ ಗದ್ದೆಗೆ ಹೋಗಲಿಲ್ಲ. ಗ್ಯಾಂಗನ್ನು ಪಕ್ಕದ ಮನೆಯ ಚಿಗವ್ವನಿಗೆ ಒಪ್ಪಿಸಿ ಮಗಳ ಆರೈಕೆಗೆ ನಿಂತಳು. ಬಾಣಂತಿಗೆ ನೀರು ಕಡಿಮೆ ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ. ವೈದ್ಯರೂ ನೀರು ಹದದಲ್ಲಿರಲಿ ಎಂದದ್ದು ಅವ್ವನಿಗೆ ಬಹಳ ಹಿಡಿಸಿತ್ತು.

"ನಾ ಪುಕ್ಕಟ ಹೇಳಿದ್ರ ಯಾರೂ ಕೇಳಂಗಿಲ್ಲ. ಅಂವ ಕೋಟ್ ಹಾಕ್ಕೊಂಡು ಹೇಳಿದ್ರ ಹೌದ್ರಿ ಹೌದ್ರಿ ಅಂತೀರಿ," ಎಂದು ನನ್ನನ್ನೂ ಭಾವನನ್ನೂ ಸೇರಿಸಿ ಹಂಗಿಸಿದಳು.

ಗುಳಿಗೆಗಳನ್ನು ಅಕ್ಕ ತಾನೇ ತೆಗೆದುಕೊಳ್ಳುತ್ತಿದ್ದಳು. ಒಂದು ಮೈಯ ನೀರು ಇಳಿಸಲು, ಒಂದು ರಕ್ತನಾಳ ಸಡಿಲಿಸಲು, ಒಂದು ಬಡಿತದ ಓಟ ತಗ್ಗಿಸಲು. ಮೊದಲ ವಾರವೇ ಬಾವು ಇಳಿಯಿತು. ಒಂದೇ ದಿಂಬಿನ ಮೇಲೆ ಮಲಗತೊಡಗಿದಳು. ಭಾವ ಸಗರದಿಂದ ದಿನ ಬಿಟ್ಟು ದಿನ ಮೋಟಾರ್ ಸೈಕಲ್ ಮೇಲೆ ಬಂದು, ಕೂಸನ್ನು ಎತ್ತಿಕೊಂಡು, ಹೆಚ್ಚು ಮಾತಾಡದೆ ಹೋಗುತ್ತಿದ್ದರು. ಎಲ್ಲರೂ ಕಾಯುತ್ತಿದ್ದದ್ದು ಒಂದೇ ವಿಷಯಕ್ಕೆ: ವೈದ್ಯರು ಹೇಳಿದ ಮೂರು ದಾರಿಗಳಲ್ಲಿ ಅವಳ ಹೃದಯ ಯಾವುದು ಹಿಡಿಯುತ್ತದೆ? ಅಕ್ಕ ಕಾಯುವುದರ ಬಗ್ಗೆ ಮಾತಾಡುತ್ತಿರಲಿಲ್ಲ. ಒಮ್ಮೆ ಮಾತ್ರ ಹೇಳಿದಳು.

"ನಿಂತು ಪಾಠ ಹೇಳಾಕ ಆಗದಿದ್ರ ನೌಕರಿ ಬಿಡ್ತೀನಿ ತಮ್ಮಾ. ಹಾಜರಿ ಕೂಗಿ ಪಗಾರ ತೊಗೊಳ್ಳೋ ಮಾಸ್ತರಿಕಿ ನನಗ ಬ್ಯಾಡ."

ಮೂರನೇ ವಾರ ಬಾವು ಮತ್ತೆ ಬಂತು.

ಆ ಭಾನುವಾರ ನಾನು ಮನೆಗೆ ಹೋದಾಗ ಅವಳು ಮತ್ತೆ ಗೋಡೆಗೆ ಒರಗಿ ಕುಳಿತಿದ್ದಳು. ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಿದ್ದಳು. ಭಾವ ಮೋಟಾರ್ ಸೈಕಲ್ಲಿನ ಕೀಲಿ ಹಿಡಿದು ಅವಳ ಪಕ್ಕದಲ್ಲೇ ನಿಂತಿದ್ದರು. ಕಲಬುರಗಿಗೆ ಫೋನ್ ಮಾಡಿದೆವು. ನೀರಿನ ಗುಳಿಗೆ ಹೆಚ್ಚಿಸಿ, ಎರಡು ದಿನದಲ್ಲಿ ಇಳಿಯದಿದ್ದರೆ ಬನ್ನಿ ಎಂದರು ವೈದ್ಯರು. ಊಟದಲ್ಲಿ ಉಪ್ಪು ಎಲ್ಲಾದರೂ ಸೇರುತ್ತಿದೆಯೇ ನೋಡಿ ಎಂದೂ ಹೇಳಿದರು. ಅವ್ವ ಸಾರಿಗೆ, ಪಲ್ಯಕ್ಕೆ ಉಪ್ಪು ಹಾಕುತ್ತಿರಲಿಲ್ಲ. ಅದನ್ನು ನಾವೆಲ್ಲ ತಿಂದು ಬಲ್ಲೆವು.

ಅಕ್ಕ ಕೋಪ ಮಾಡಲಿಲ್ಲ, ಅಳಲಿಲ್ಲ. ಕೆಟ್ಟ ಪ್ರಯೋಗವೊಂದನ್ನು ಮತ್ತೆ ಮೊದಲಿಂದ ನೋಡುವವಳಂತೆ ಬೆಳಗಿನಿಂದ ತನ್ನ ಬಾಯಿಗೆ ಹೋದದ್ದನ್ನೆಲ್ಲ ಒಂದೊಂದಾಗಿ ನೆನೆದಳು. ಮಜ್ಜಿಗೆಯ ಹತ್ತಿರ ಬಂದು ನಿಂತಳು.

"ಅವ್ವಾ, ಮಜ್ಜಿಗ್ಯಾಗ ಏನ್ ಹಾಕ್ತಿ?"

"ಏನ್ ಹಾಕಲಿ? ಜೀರಿಗಿ, ಕರಿಬೇವು."

"ಅದರ ಮ್ಯಾಲ?"

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಗದರಿಸುವ ದನಿಯಲ್ಲೇ ಹೇಳಿದಳು. "ಸುಣ್ಣದ ತಿಳಿ ಹಾಕೀನಿ. ಏನೀಗ? ಡಾಕ್ಟರೇ ಅಂದಾನ, ಕ್ಯಾಲ್ಶಿಯಂ ಬರೋಬ್ಬರಿ ಆಗವಲ್ದು ಅಂತ. ನನ್ನ ಬಾಣಂತನದಾಗ ನಮ್ಮವ್ವ ಹಾಕಿದ್ಲು. ನಾ ಕೆಸರಾಗ ಬಗ್ಗಿ ಬಗ್ಗಿ ದುಡಿದೀನಿ, ಸೊಂಟ ಗಟ್ಟಿ ಅದ."

ಅಡುಗೆಮನೆಯ ಮೂಲೆಯಲ್ಲಿ ಒಂದು ಮಣ್ಣಿನ ಕುಡಿಕೆ ಇತ್ತು. ಎಲೆ ಅಡಿಕೆಗೆ ಬಳಸುವ ಸುಣ್ಣವನ್ನು ನೀರಲ್ಲಿ ಕಲಕಿ, ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ತೆಗೆದು ಬಾಣಂತಿಗೆ ಕೊಡುವ ರೂಢಿ ನಮ್ಮ ಕಡೆ ಇತ್ತು. ಅಕ್ಕ ಕುಡಿಕೆ ತರಿಸಿ ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡಳು. ಮುಖ ಹಿಂಡಿದಳು.

"ಇದು ಒಗರು. ಮಜ್ಜಿಗಿ ಒಗರು ಇದ್ದಿದ್ದಿಲ್ಲ."

"ಗೊತ್ತಾಗಬಾರದು ಅಂತ ಜರಾ ಉಪ್ಪು ಹಾಕಿದ್ದೆ."

"ಎಷ್ಟು?"

ಅವ್ವ ಮೂರು ಬೆರಳಿನ ದೊಡ್ಡ ಚಿಟಿಕೆ ತೋರಿಸಿದಳು; ಹುಳಿ ಮಜ್ಜಿಗೆಯಲ್ಲಿ ಅದು ಅಕ್ಕನ ನಾಲಿಗೆಗೆ ಸಿಕ್ಕಿರಲಿಲ್ಲ. ಭಾವ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ಆ ಉಪ್ಪು ಮೈಯಲ್ಲಿ ನೀರು ಹಿಡಿದಿಟ್ಟಿತ್ತು. ಬಾವಿಗೆ ಕಾರಣ ಸುಣ್ಣವಲ್ಲ, ಸುಣ್ಣದ ರುಚಿ ಮುಚ್ಚಲು ಹಾಕಿದ ಉಪ್ಪು. ಮೂರು ಹೊತ್ತೂ ಮಗಳಿಗೆ ಅದನ್ನು ಅವ್ವ ಪ್ರೀತಿಯಿಂದ ಕುಡಿಸಿದ್ದಳು.

ಮಜ್ಜಿಗೆ ನಿಂತಿತು, ಎರಡನೇ ದಿನ ಬಾವು ಇಳಿಯತೊಡಗಿತು. ಆದರೆ ಅವ್ವನ ತಲೆಯಿಂದ ಕ್ಯಾಲ್ಶಿಯಂ ಇಳಿಯಲಿಲ್ಲ. ಉಪ್ಪಿಲ್ಲದೆ ಸುಣ್ಣದ ತಿಳಿ ಕೊಡಬಹುದಲ್ಲ ಎಂದು ನನ್ನನ್ನು ಮೆಲ್ಲಗೆ ಕೇಳಿದಳು. ಬೇಡ ಎಂದರೆ ನಿಲ್ಲಿಸುವವಳಲ್ಲ ಅವಳು. ಯಾಕೆ ಬೇಡ ಎಂದು ತಿಳಿದರೆ ಮಾತ್ರ ನಿಲ್ಲಿಸುತ್ತಾಳೆ. ಇದು ಅಕ್ಕನಿಗೆ ಗೊತ್ತಿತ್ತು.

"ಮುಂದಿನ ವಾರ ಬರೋವಾಗ ಎರಡು ಫೋಟೊ ಪ್ರಿಂಟ್ ತೊಗೊಂಡು ಬಾ," ಎಂದು ನನಗೆ ಹೇಳಿದಳು. ಯಾವ ಫೋಟೊ ಎಂದು ಫೋನಿನಲ್ಲಿ ಕಳಿಸಿದಳು. ಯಾದಗಿರಿ ಕಚೇರಿಯ ಪ್ರಿಂಟರಿನಲ್ಲಿ ತೆಗೆದೆ. ಎರಡೂ ಹೃದಯದ ಸ್ನಾಯುಕೋಶದ ಚಿತ್ರಗಳು, ಸೂಕ್ಷ್ಮದರ್ಶಕದಲ್ಲಿ ತೆಗೆದವು. ಒಂದರಲ್ಲಿ ಉದ್ದನೆಯ ಕೋಶಕ್ಕೆ ಅಡ್ಡಡ್ಡ ತೆಳು ಗೆರೆಗಳು, ಒಂದಕ್ಕೊಂದು ಸಮ ದೂರದಲ್ಲಿ. ಇನ್ನೊಂದರಲ್ಲಿ ಅವೇ ಗೆರೆಗಳು ಅಲ್ಲಲ್ಲಿ ಅಳಿಸಿ, ಸೊಟ್ಟಾಗಿ, ಕೆಲವೆಡೆ ಖಾಲಿ ಜಾಗ. ಅದು ಸೋತ ಹೃದಯದ್ದು.

ನಾನು ಅವನ್ನು ಮನೆಗೆ ತಂದ ದಿನ ಮಧ್ಯಾಹ್ನ ಚಿಗವ್ವ ಗದ್ದೆಯಿಂದ ಬೇಗ ಬಂದವಳು ಕಾಲಿನ ಕೆಸರು ತೊಳೆಯದೆ ನಮ್ಮ ಕಟ್ಟೆಗೆ ಬಂದು ಕುಳಿತಿದ್ದಳು. ಅಕ್ಕ ಎರಡೂ ಹಾಳೆ ಅವ್ವನ ಮುಂದೆ ಇಟ್ಟಳು. ಯಾವುದರ ಚಿತ್ರ ಎಂದು ಹೇಳಲಿಲ್ಲ. ಅವ್ವ ಮೊದಲ ಹಾಳೆ ನೋಡಿ ಪಕ್ಕಕ್ಕೆ ಇಟ್ಟಳು. ಎರಡನೆಯದನ್ನು ಎತ್ತಿ ದೂರ ಹಿಡಿದಳು.

"ಇದು ಯಾವ ಗ್ಯಾಂಗಿನವರು ಹಚ್ಚಿದ್ದು?"

ಚಿಗವ್ವ ಬಗ್ಗಿ ನೋಡಿದಳು. "ನಮ್ಮದಂತೂ ಅಲ್ಲವಾ. ಗುತ್ತಿಗಿ ಹಿಡಿದವರು ಹಚ್ಚ್ಯಾರ. ಸಂಜಿಮುಂದ ಹಚ್ಚಿ ಓಡಿ ಹೋಗ್ಯಾರ."

"ಎಮ್ಮಿ ಹೊಕ್ಕಾವ," ಎಂದಳು ಅವ್ವ.

ಅಕ್ಕ ನಕ್ಕಳು. ಆ ತಿಂಗಳಲ್ಲಿ ಅವಳು ಬಾಯಿ ತುಂಬ ನಕ್ಕದ್ದು ನಾನು ನೋಡಿದ್ದು ಆಗಲೇ. ನಕ್ಕು ಕೆಮ್ಮು ಬಂದು, ಕೆಮ್ಮು ನಿಂತ ಮೇಲೆ ಹೇಳಿದಳು. "ಅವ್ವಾ, ಇದು ನನ್ನಂಥವರ ಹಾರ್ಟು."

ಅವರ ಕೆಲಸದ ರೀತಿ ತಿಳಿಯದೆ ಅಕ್ಕ ಮುಂದೆ ಹೇಳಿದ್ದು ತಿಳಿಯುವುದಿಲ್ಲ. ಎಲ್ಲ ಗದ್ದೆಗೂ ಹಗ್ಗ ಹಿಡಿಯುತ್ತಿರಲಿಲ್ಲ. ಸಾಲು ನೇರ ಬರಬೇಕೆನ್ನುವ ಕೆಲವು ಕ್ಯಾಂಪಿನ ರೈತರು ಹಗ್ಗ ಕೇಳುತ್ತಿದ್ದರು. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಹಗ್ಗ ಎಳೆದು, ಎರಡೂ ತುದಿಯಲ್ಲಿ ಒಬ್ಬೊಬ್ಬರು ನಿಲ್ಲುತ್ತಾರೆ. ಹೆಂಗಸರು ಹಗ್ಗದ ಉದ್ದಕ್ಕೂ ನಿಂತು, ಕೂಗು ಬಿದ್ದ ಕೂಡಲೇ ಒಟ್ಟಿಗೆ ಬಗ್ಗಿ ಒಂದು ಸಾಲು ಹಚ್ಚುತ್ತಾರೆ. ಹಗ್ಗ ಹಿಂದಕ್ಕೆ ಸರಿಯುತ್ತದೆ, ಮತ್ತೆ ಕೂಗು. ಸಸಿಯ ಕಟ್ಟುಗಳನ್ನು ಮೊದಲೇ ಗದ್ದೆಯ ತುಂಬ ಎಸೆದಿರುತ್ತಾರೆ. ಪ್ರತಿಯೊಬ್ಬಳ ಹಿಂದೆ, ಕೈಗೆ ಸಿಗುವಷ್ಟು ಹತ್ತಿರ. ಅಗಲದ ಗದ್ದೆಯಲ್ಲಿ ಬದುವಿನ ಮೇಲಿನ ಕೂಗು ನಡುವಿನವರಿಗೆ ಕೇಳುವುದಿಲ್ಲ. ಕೆಸರಿನ ಸಪ್ಪಳ, ಪಂಪ್‌ಸೆಟ್ಟಿನ ಸದ್ದು, ಹೆಂಗಸರ ಮಾತು. ಅದಕ್ಕೆ ಅವ್ವ ಹಗ್ಗದ ಉದ್ದಕ್ಕೂ ಅಲ್ಲಲ್ಲಿ ಕೂಗುವವರನ್ನು ಇಟ್ಟಿದ್ದಳು. ಅವರು ಸಸಿಯೂ ಹಚ್ಚುತ್ತಾರೆ, ಬದುವಿನ ಕೂಗನ್ನು ಆ ಕ್ಷಣವೇ ಎತ್ತಿ ಒಳಕ್ಕೂ ಕೊಡುತ್ತಾರೆ. ಚಿಗವ್ವ ಅಂಥವರಲ್ಲಿ ಹೆಸರಾದವಳು. ಅವಳ ಗಂಟಲಿನ ಬಗ್ಗೆ ಓಣಿಯಲ್ಲಿ ಹಾಸ್ಯಗಳಿದ್ದವು.

"ಕೂಗು ಕೊಡೋ ನಡುವಿನಾಕಿ ಬರದ ದಿನ ಏನಾಗ್ತದ?" ಅಕ್ಕ ಕೇಳಿದಳು.

"ಏನಾಗ್ತದ, ಬದುವಿನ ಕಡೆಯವರು ಹಚ್ಚಿ ಮುಗಿಸಿ ನಿಂತಿರ್ತಾರ. ನಡುವಿನವರು ಇನ್ನಾ ಬಗ್ಗಾಕತ್ತಿರ್ತಾರ. ಆಕಡಿ ಈಕಡಿ ನೋಡಿ ನೋಡಿ ಹಚ್ಚತಾರ. ಅಷ್ಟರಾಗ ಹಗ್ಗ ಹೋಗೇ ಬಿಡ್ತದ," ಎಂದಳು ಅವ್ವ.

"ಸಸಿ ಕಡಿಮಿ ಇರ್ತದೇನು?"

"ಸಸಿ ಯಾಕ ಕಡಿಮಿ ಇರ್ತದ? ಬೆನ್ನ ಹಿಂದ ಕಟ್ಟು ಬಿದ್ದಿರ್ತಾವ."

"ಮಂದಿ ಕಡಿಮಿ?"

"ಅಷ್ಟೇ ಮಂದಿ."

"ಅಂಥಾ ಹೊತ್ತಿನಾಗ ಯಾರರೆ ಟ್ರಾಕ್ಟರ್ ತುಂಬ ಸಸಿ ತಂದು ರೋಡಿನ ಮ್ಯಾಲ ಸುರುವಿದ್ರ?"

ಮಾತಿನ ಅರ್ಥವನ್ನು ಚಿಗವ್ವ ಮೊದಲು ಹಿಡಿದಳು. ತೊಡೆಗೆ ಬಡಿದುಕೊಂಡು, "ಯಕ್ಕಾ, ನೀ ಸುಣ್ಣ ಸುರುವಿದ್ದು ರೋಡಿನ ಮ್ಯಾಲ ನೋಡವಾ!" ಎಂದು ಅವ್ವನ ಭುಜ ಅಲುಗಿಸಿದಳು.

"ನೀ ಸುಮ್ಮನಿರು, ಒದರಾಕಿ," ಎಂದಳು ಅವ್ವ. ಆದರೆ ಹಾಳೆಯನ್ನು ಕೆಳಗಿಡಲಿಲ್ಲ.

ಅಕ್ಕ ಆಮೇಲೆ ಹೇಳಿದ್ದನ್ನು ನಾನು ಬರೆದುಕೊಂಡೆ. ಮುಂದೆ ಕಲಬುರಗಿಗೆ ಹೋದಾಗ ಆ ವೈದ್ಯರಿಗೆ ಓದಿ ತೋರಿಸಿದೆ, ಅವರು ಎರಡು ಕಡೆ ತಿದ್ದಿದರು. ತಿದ್ದಿದ ಮೇಲೆ ಉಳಿದದ್ದು ಇದು. ಹೃದಯದ ಬಡಿತದ ವಿದ್ಯುತ್ ಸೂಚನೆ ಸ್ನಾಯುಕೋಶದ ಹೊರಪೊರೆಯ ಮೇಲೆ ಹರಿಯುತ್ತದೆ. ಹೊರಪೊರೆ ಬರೀ ಹೊರಗಷ್ಟೇ ಇಲ್ಲ. ಅಲ್ಲಲ್ಲಿ ಅದು ಸಣ್ಣ ಕೊಳವೆಗಳಾಗಿ ಕೋಶದ ಒಳಕ್ಕೆ, ನಡುವಿನವರೆಗೆ ಇಳಿದಿರುತ್ತದೆ. ಇವೇ ಟಿ-ಟ್ಯೂಬ್ಯೂಲ್. ಚಿತ್ರದಲ್ಲಿ ಕಂಡ ಅಡ್ಡ ಗೆರೆಗಳು ಇವು. ಕೋಶದ ಒಳಗೆ ಕ್ಯಾಲ್ಶಿಯಂ ತುಂಬಿಟ್ಟ ಚೀಲಗಳ ಜಾಲವಿದೆ. ಅದರ ಬಾಯಿಗಳು ಈ ಕೊಳವೆಗಳ ಗೋಡೆಗೆ ಬಹಳ ಹತ್ತಿರ ಇರುತ್ತವೆ. ತಲೆಗೂದಲ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಒಂದು ಪಾಲಿನಷ್ಟು ಅಂತರ. ಸೂಚನೆ ಬಂದಾಗ ಕೊಳವೆಯ ಗೋಡೆಯಿಂದ ತುಸು ಕ್ಯಾಲ್ಶಿಯಂ ಒಳಗೆ ಬರುತ್ತದೆ. ಆ ತುಸುವೇ ಎದುರಿನ ಚೀಲದ ಬಾಯಿ ತೆರೆಸುತ್ತದೆ, ಅಲ್ಲಿಂದ ಹೆಚ್ಚಿನದು ಹೊರಬೀಳುತ್ತದೆ. ಕೋಶದ ತುಂಬ ಇದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆಗುವುದರಿಂದ ಕೋಶವೆಲ್ಲ ಒಟ್ಟಿಗೆ ಕುಗ್ಗುತ್ತದೆ. ಕೊಳವೆಗಳು ಅಳಿದ ಕಡೆ ಚೀಲ ತುಂಬಿದ್ದರೂ ಎದುರಿಗೆ ಸೂಚನೆ ಕೊಡುವವರಿಲ್ಲ. ಪಕ್ಕದ ಕಡೆಯಿಂದ ಕ್ಯಾಲ್ಶಿಯಂ ಹರಿದು ಬಂದು ಮುಟ್ಟುವವರೆಗೆ ಅದು ಕಾಯುತ್ತದೆ. ಕೋಶದ ಒಂದು ಭಾಗ ಹಿಂಡುತ್ತದೆ, ಇನ್ನೊಂದು ತಡವಾಗುತ್ತದೆ, ಬಡಿತ ಬಲಗುಂದುತ್ತದೆ.

ಇಷ್ಟನ್ನು ಅವಳು ಅವ್ವನಿಗೆ ನಮ್ಮ ಮಾತಿನಲ್ಲಿ, ಹಗ್ಗ, ಕಟ್ಟು, ಕೂಗು ಎಂದೇ ಹೇಳಿದಳು. ಆಮೇಲೆ ಬಡಿತ ಮುಗಿದ ಕೂಡಲೇ ಕ್ಯಾಲ್ಶಿಯಂ ಬಹುಪಾಲು ಚೀಲಕ್ಕೆ ವಾಪಸ್ ಹೋಗಬೇಕು, ಹೋದರೇ ಹೃದಯ ಸಡಿಲಾಗಿ ರಕ್ತ ತುಂಬಿಕೊಳ್ಳುವುದು ಎಂದು ಹೇಳಹೊರಟಾಗ ಅವ್ವ ತಡೆದಳು.

"ನಿಂದ್ರು. ಹಚ್ಚಿದ ಸಸಿ ಕಿತ್ತು ಮತ್ತ ಕಟ್ಟು ಕಟ್ತಾರೇನು? ಯಾವ ಊರಾಗ?"

"ಇಲ್ಲ," ಎಂದಳು ಅಕ್ಕ. "ಇಲ್ಲಿಗೆ ನನ್ನ ಗದ್ದಿ ಮುಗೀತು. ಹಾರ್ಟಿನಾಗ ಕಿತ್ತು ಕಟ್ತಾರ. ಒಂದೊಂದು ಬಡಿತಕ್ಕೂ."

"ಅಬಾಬಾ," ಎಂದಳು ಚಿಗವ್ವ. "ಅವರಿಗೆ ಕೂಲಿ ಯಾರು ಕೊಡ್ತಾರ?"

ಹೋಲಿಕೆ ಹರಿದ ಕಡೆ ಹರಿಯಿತು ಎಂದು ಅಕ್ಕ ಒಪ್ಪಿದ ರೀತಿ ನನಗೆ ನೆನಪಿದೆ. ಸುದ್ದಿಮನೆಯಲ್ಲಿ ನಾವು ಹೋಲಿಕೆ ಸಿಕ್ಕರೆ ಕೊನೆಯವರೆಗೆ ಎಳೆಯುತ್ತೇವೆ. ಅವಳು ಎಳೆಯಲಿಲ್ಲ. ಇದು ನಿಜ, ಇದು ಗದ್ದೆಗೆ ಹೊಂದುವುದಿಲ್ಲ ಎಂದು ಹೇಳಿ ನಿಜವನ್ನು ಇಟ್ಟುಕೊಂಡಳು, ಗದ್ದೆಯನ್ನು ಬಿಟ್ಟಳು.

ಅವ್ವ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. ಹಾಳೆ ಮಡಿಚುತ್ತ, ಯಾರ ಮುಖವನ್ನೂ ನೋಡದೆ ಕೇಳಿದಳು. "ಅಂದ್ರ ನಿನ್ನ ನಡುವಿನಾಕಿ ವಾಪಸ್ ಬರ್ತಾಳೋ ಇಲ್ಲೋ?"

"ಗೊತ್ತಿಲ್ಲವ್ವ. ಕೆಲವರಿಗೆ ಬಂದಾಳಂತ. ಗುಳಗಿ ಕೂಗು ಕೊಡಂಗಿಲ್ಲ, ಸಸೀನೂ ಕೊಡಂಗಿಲ್ಲ. ಹಾರ್ಟಿನ ಮ್ಯಾಲಿನ ಭಾರ ಇಳಸ್ತಾವ. ಭಾರ ಇಳಿದ್ರ ಕೋಶ ತನ್ನ ಮನಿ ತಾನು ಕಟ್ಟಿಕೊಳ್ಳಬಹುದು. ಕಟ್ಟಿಕೊಳ್ಳದೆನೂ ಇರಬಹುದು."

ಅವ್ವ ಎದ್ದು ಒಳಗೆ ಹೋಗಿ ಕುಡಿಕೆಯ ಸುಣ್ಣವನ್ನು ಹಿತ್ತಲಿಗೆ ಚೆಲ್ಲಿ ಬಂದಳು. ಅಲ್ಲಿಂದ ಮುಂದೆ ಗುಳಿಗೆಯ ಹೊತ್ತಿಗೆ ಅಕ್ಕನಿಗಿಂತ ಮೊದಲು ಅವಳೇ ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದಳು. ಬಾಣಂತಿಗೆ ಮಾಡುವ ಅಂಟಿನುಂಡಿ ನಿಲ್ಲಲಿಲ್ಲ. ಅದಕ್ಕೆ ಉಪ್ಪಿಲ್ಲ ಎಂಬುದು ಅವಳ ವಾದ.

ದೀಪಾವಳಿ ಕಳೆದ ಮೇಲೆ ಎರಡನೇ ಎಕೋ ಆಯಿತು. ಹೃದಯದ ಗಾತ್ರ ಸ್ವಲ್ಪ ಇಳಿದಿತ್ತು, ಬಲ ಸ್ವಲ್ಪ ಏರಿತ್ತು. ವೈದ್ಯರು ಸಂತೋಷಪಟ್ಟರು. ಆದರೆ ಯಾವ ದಾರಿ ಎಂದು ಈಗಲೇ ಹೇಳಲು ಬರುವುದಿಲ್ಲ ಎಂದರು. ಅಕ್ಕ ಕಾರಿನಲ್ಲಿ ಊರು ಮುಟ್ಟುವವರೆಗೆ ಕಿಟಕಿಯಾಚೆ ನೋಡುತ್ತಿದ್ದಳು. ಭಾವ ಒಮ್ಮೆ, "ಬರೋಬ್ಬರಿ ಆಗ್ತದ ಬಿಡು," ಎಂದರು. "ಆಗ್ತದ ಅಂತ ಯಾರೂ ಅಂದಿಲ್ಲ. ಸುಧಾರಿಸ್ಯಾದ ಅಂದಾರ. ಅಷ್ಟು ಸಾಕು ಈಗ," ಎಂದಳು ಅವಳು.

ಹೊಸ ವರ್ಷದ ನಂತರ ಕಾಲೇಜಿಗೆ ಮರಳಿದಳು. ಕುಳಿತು ಪಾಠ ಮಾಡಬೇಕು ಎಂದು ವೈದ್ಯರು ಷರತ್ತು ಹಾಕಿದ್ದರು. ನೌಕರಿ ಬಿಡುತ್ತೇನೆ ಎಂದಿದ್ದವಳು ಬಿಡಲಿಲ್ಲ. ಕೂತು ಪಾಠ ಹೇಳುವುದನ್ನು ಹೊಸ ವಿದ್ಯೆಯಂತೆ ಕಲಿತಳು. ಆ ಬೇಸಿಗೆಗೆ ಮುಂಚೆ ಕಾಲುವೆಯ ನೀರಿನ ಸರದಿಯ ಸು‌ದ್ದಿಗೆ ಶಹಾಪುರಕ್ಕೆ ಹೋಗಿದ್ದವನು, ಬಸ್ಸಿಗೆ ಸಮಯವಿದ್ದುದರಿಂದ ಅವಳ ಕಾಲೇಜಿನ ಕಡೆ ಹೋದೆ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಎದುರಿಗೆ ದ್ವಿತೀಯ ಪಿಯುಸಿ ಹುಡುಗಿಯರು ಚೌಕಾಕಾರವಾಗಿ ಒತ್ತಾಗಿ ನಿಂತಿದ್ದರು, ಎಲ್ಲರ ಕಣ್ಣೂ ಮುಚ್ಚಿದ್ದವು. ಅಂಚಿನ ಹುಡುಗಿಯರ ಭುಜವನ್ನು ಒಬ್ಬಳು ಮುಟ್ಟುತ್ತ ಓಡಬೇಕು. ಮುಟ್ಟಿಸಿಕೊಂಡವಳು ಒಂದೇ ಚಪ್ಪಾಳೆ ತಟ್ಟಿ ಪಕ್ಕದವಳನ್ನು ಮುಟ್ಟಬೇಕು. ಮೊದಲ ಸಲ ಚಪ್ಪಾಳೆ ಆಲಿಕಲ್ಲು ತಗಡಿನ ಮೇಲೆ ಬಿದ್ದಂತೆ ಉದ್ದಕ್ಕೆ ಚೆಲ್ಲಿತು. ಆಮೇಲೆ ಚೌಕದ ಒಳಗೆ ಓಣಿಗಳನ್ನು ಬಿಡಿಸಿ, ಓಡುವವರು ಒಳಗೂ ಹೋಗುವಂತೆ ಮಾಡಿದಳು. ಈ ಸಲ ಚಪ್ಪಾಳೆ ಒಂದಾಗಿ ಬಿತ್ತು. ಮರದ ಮೇಲಿನ ಗಿಳಿಗಳು ಎದ್ದವು.

"ಮಿಸ್, ಒಳಗ ಓಡೋದ್ಯಾಕ್ರಿ? ಹೊರಗಿಂದ ಜೋರಾಗಿ ಒದರಿದ್ರ ಆಗಂಗಿಲ್ಲೇನ್ರಿ?" ಎಂದಳು ಒಬ್ಬ ಹುಡುಗಿ.

"ನಿಮ್ಮ ಮನ್ಯಾಗ ಹಂಗೇ ಮಾಡ್ತಾರೇನು?" ಎಂದು ಅಕ್ಕ ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಆಮೇಲೆ ಹೇಳಿದಳು: "ಕೋಶದಾಗ ಕ್ಯಾಲ್ಶಿಯಂ ದೂರ ಹೋಗಂಗಿಲ್ಲ. ಹಾದ್ಯಾಗೇ ಹಿಡಿದು ಇಟ್ಟುಕೊಳ್ಳೋ ಪ್ರೋಟೀನು ಭಾಳ ಅವ. ಅದಕ್ಕ ಜೋರು ಕೆಲಸಕ್ಕ ಬರಂಗಿಲ್ಲ, ಹತ್ತಿರ ಇರಬೇಕು. ಎಲ್ಲಿ ಏನು ಕುಂತದ ಅನ್ನೋದೇ ಅಲ್ಲಿ ಅರ್ಧ ಕೆಲಸ."

ತನ್ನ ಹೃದಯದ ಮಾತನ್ನು ಅವಳು ಅಲ್ಲಿ ಎತ್ತಲಿಲ್ಲ. ಹುಡುಗಿಯರಿಗೆ ಗೊತ್ತಿತ್ತು, ಗಂಟೆ ಹೊಡೆದಾಗ ಕುರ್ಚಿಯನ್ನು ಇಬ್ಬರು ತಾವಾಗಿ ಎತ್ತಿಕೊಂಡು ಹೋದರು.

ಅವಳ ಹೃದಯ ವೈದ್ಯರು ಹೇಳಿದ ಎರಡನೇ ದಾರಿ, ಪೂರ್ತಿ ವಾಪಸ್ ಬಾರದ ದಾರಿ, ಹಿಡಿಯಿತು, ಬಹಳ ನಿಧಾನವಾಗಿ. ಮೂರನೇ ಎಕೋ, ನಾಲ್ಕನೇ ಎಕೋ. ಬಲ ಒಮ್ಮೆ ಏರಿ, ಒಂದು ವರ್ಷ ಅಲ್ಲೇ ನಿಂತು, ಮತ್ತೆ ತುಸು ಏರಿತು. ಮತ್ತೊಂದು ಮಗುವಿನ ಮಾತನ್ನು ಸಗರದಲ್ಲಿ ಯಾರೋ ಹಿರಿಯರು ಎತ್ತಿದಾಗ ಭಾವ, ಮೆದು ಮಾತಿನ ಮನುಷ್ಯ, "ನನಗ ಹೆಂಡತಿ ಬೇಕಾಗ್ಯಾಳ್ರಿ," ಎಂದು ಎದ್ದು ಹೋದರಂತೆ. ಇದು ನಾನು ಕೇಳಿದ್ದು, ನೋಡಿದ್ದಲ್ಲ. ಅಕ್ಕ ಈಗ ನಿಂತು ಪಾಠ ಮಾಡುತ್ತಾಳೆ. ದಣಿದರೆ ಕೂರುತ್ತಾಳೆ.

ಕಳೆದ ತಿಂಗಳು ಕಲಬುರಗಿಯಲ್ಲಿ ಮತ್ತೆ ಎಕೋ ಆಯಿತು. ಹೃದಯದ ಗಾತ್ರ ಸಾಮಾನ್ಯ ಎಂದು ವರದಿ ಬಂದಿದೆ. ಬಡಿತದ ಬಲ ಸಾಮಾನ್ಯದ ಕೆಳಗಿನ ಅಂಚಿನಲ್ಲಿದೆ. ನೀರಿನ ಗುಳಿಗೆಯನ್ನು ವೈದ್ಯರು ನಿಲ್ಲಿಸಿದ್ದಾರೆ. ಉಳಿದ ಎರಡು ಗುಳಿಗೆಗಳನ್ನು ಮುಂದುವರಿಸಿದ್ದಾರೆ.